ರಟ್ಟಿಗೂ ರೊಕ್ಕ ಏನ್ರೀ?

ಶನಿವಾರದಿಂದ ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಕೇಳಿದ ಹುಡುಗ ಕೆಟ್ಟವನಲ್ಲ. ಧಾರವಾಡದವನು, ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಮಾತು ಮೆತ್ತಗೆ. ಅದಕ್ಕೇ ಜಾಸ್ತಿ ನೋವಾಯಿತು.

ಪುಣೆ ಹತ್ತಿರದ ಭೋಸರಿಯಲ್ಲಿ ನನ್ನ ಗೆಳೆಯನ ತಗಡಿನ ಕೆಲಸದ ಶೆಡ್ ಇದೆ. ವಿಜಯಪುರದ ಕಡೆಯವನು. ಶನಿವಾರ ಹೋಗಿ ಅವನ ಲೆಕ್ಕ ಬರೆದುಕೊಡುತ್ತೇನೆ. ಈ ಹುಡುಗ ಕಾಲೇಜಿನ ಪ್ರಾಜೆಕ್ಟಿಗೆ ಹಳೇ ಸೈಕಲ್ಲಿಗೆ ಟೂ ಸ್ಟ್ರೋಕ್ ಎಂಜಿನ್ ಕೂರಿಸಿದ್ದ. ಫ್ರೇಮಿನ ಒಳಗೇ ಕೂರುವಂಥ ಪೆಟ್ರೋಲ್ ಟ್ಯಾಂಕ್ ಬೇಕಿತ್ತು. ಓಡಿಸುವುದು ಕ್ಯಾಂಪಸ್ಸಿನ ಒಳಗೆ ಮಾತ್ರವಂತೆ. ಒಳ್ಳೇದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಎಂಜಿನ್ 25 ಸಿಸಿ ಮೀರಿದರೆ ಸೈಕಲ್ಲೂ ಮೋಟಾರು ವಾಹನವೇ, ರಸ್ತೆಗಿಳಿಸಲು ನೋಂದಣಿ ಬೇಕು.

ಗೆಳೆಯ ತಗಡು ಮುಟ್ಟುವ ಮೊದಲು ಏನೇನು ಮಾಡಿದ ಅಂತ ನಾನು ಪಕ್ಕದಲ್ಲೇ ಕೂತು ನೋಡಿದೆ. ಟಿವಿ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಫ್ರೇಮಿಗೆ ಒತ್ತಿ ಹಿಡಿದು ಪೆನ್ಸಿಲ್ ಎಳೆದ. ಹುಡುಗನನ್ನು ಸೀಟಿನ ಮೇಲೆ ಕೂರಿಸಿ ಪೆಡಲ್ ತುಳಿಸಿದ. ಮೊಣಕಾಲು ಎಲ್ಲಿ ಹಾದು ಹೋಗುತ್ತದೆ ಅಂತ ಬಗ್ಗಿ ನೋಡಿ, ಟ್ಯಾಂಕಿನ ಅಗಲ 6 ಸೆಂಟಿಮೀಟರ್ ಸಾಕು ಅಂದ. ಮೊದಲ ರಟ್ಟು ಸ್ಪಾರ್ಕ್ ಪ್ಲಗ್ಗಿಗೆ ಅಡ್ಡ ಬಂತು. ಬಿಸಾಕಿದ. ಪಾನಾ ತಿರುಗುವಷ್ಟು ಜಾಗ ಬಿಟ್ಟು ಇನ್ನೊಂದು ಕತ್ತರಿಸಿದ. ಪಂಪ್ ಇಲ್ಲ, ಪೆಟ್ರೋಲ್ ತಾನಾಗಿ ಇಳಿಯಬೇಕು. ಹಾಗಾಗಿ ಟ್ಯಾಂಕಿನ ತಳ ಕಾರ್ಬ್ಯುರೇಟರಿಗಿಂತ ಮೇಲಿರಬೇಕು, ಕಾಕ್, ಅಂದರೆ ಪೆಟ್ರೋಲ್ ಬಿಡುವ ನಲ್ಲಿ, ಕೂರುವ ತೂತು ಎಲ್ಲಕ್ಕಿಂತ ತಗ್ಗಿನ ಮೂಲೆಗೆ ಬರಬೇಕು. ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ತೂತು ಇಲ್ಲದಿದ್ದರೆ ಪೆಟ್ರೋಲ್ ಇಳಿಯುವುದೇ ನಿಂತುಬಿಡುತ್ತದೆ. ರಟ್ಟಿನ ಹಿಂದೆಯೇ ಲೆಕ್ಕ ಹಾಕಿದ: ರಟ್ಟಿನ ವಿಸ್ತೀರ್ಣ 360 ಚದರ ಸೆಂಟಿಮೀಟರ್, ಅಗಲ 6, ಗುಣಿಸಿದರೆ 2160 ಘನ ಸೆಂಟಿಮೀಟರ್. ಅಂದರೆ 2 ಲೀಟರಿಗೆ ಸ್ವಲ್ಪ ಮೇಲೆ. ಪೂರ್ತಿ ತುಂಬಬೇಡ, ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ ಅಂತ ಹುಡುಗನಿಗೆ ಹೇಳಿದ. ಕೊನೆಗೆ ತಗಡಿನ ಅಂಚು ಮಡಿಚಲು ಅಂತ ಸುತ್ತಲೂ 10 ಮಿಲಿಮೀಟರ್ ಜಾಸ್ತಿ ಬಿಟ್ಟ.

ತಗಡಿನ ಕೆಲಸ ಬೇಗ ಮುಗಿಯಿತು. ಜಿಐ, ಅಂದರೆ ಸತು ಲೇಪಿಸಿದ ತಗಡು ಬೇಡ ಅಂದ, ಬೆಸುಗೆಯ ಬಿಸಿಗೆ ಏಳುವ ಸತುವಿನ ಹೊಗೆ ಎದೆಗೆ ಕೆಟ್ಟದ್ದು. ಲೇಪವಿಲ್ಲದ ಸಿಆರ್ ಶೀಟ್ ಕತ್ತರಿಸಿ, ಮಡಿಚಿ, ಬೆಸೆದು, ಸಾಬೂನು ನೀರು ಹಚ್ಚಿ ಒಳಗೆ ಸ್ವಲ್ಪ ಗಾಳಿ ಬಿಟ್ಟು ಗುಳ್ಳೆ ನೋಡಿದ. ಅಷ್ಟೇ.

ಬಿಲ್ ಬರೆದವನು ನಾನು. ತಗಡು, ಬೆಸುಗೆ, ಕಾಕ್, ಮುಚ್ಚಳ, ಕೊನೆಗೆ ಟೆಂಪ್ಲೇಟ್, ಅಂದರೆ ಆ ರಟ್ಟಿನ ಮಾದರಿ. ಹುಡುಗ ಕೊನೇ ಸಾಲಿನ ಮೇಲೆ ಬೆರಳಿಟ್ಟ.

"ರಟ್ಟಿಗೂ ರೊಕ್ಕ ಏನ್ರೀ? ರದ್ದಿ ಅಲ್ಲೇನ್ರೀ ಅದು?"

ಗೆಳೆಯ ನಕ್ಕು, ನನ್ನ ಕೈಯಿಂದ ಪೆನ್ ತೆಗೆದುಕೊಂಡು ಆ ಸಾಲು ಹೊಡೆದುಹಾಕಿದ. ಸೈಕಲ್ ಹೊರಗೆ ತಳ್ಳುತ್ತಾ ಹುಡುಗ ಮತ್ತೆ ತಿರುಗಿದ. "ಅಣ್ಣಾ, ಆ ರಟ್ಟೂ ಕೊಡ್ರಿ. ನಮ್ಮ ದೋಸ್ತಗೂ ಇಂಥದ್ದೇ ಟ್ಯಾಂಕ್ ಬೇಕಂತ." ಗೆಳೆಯ ಅದನ್ನೂ ಕೊಟ್ಟ! "ಓದೋ ಹುಡುಗ, ಬಿಡು" ಅಂದ.

ನನಗೆ ಬಿಡಲು ಆಗುತ್ತಿಲ್ಲ. ಟ್ಯಾಂಕ್ ನಿಜವಾಗಿ ಹುಟ್ಟಿದ್ದು ಆ ರಟ್ಟಿನಲ್ಲಿ ಅಲ್ವಾ? ಪುಣೆಯ ಕಸಬಾ ಪೇಠೆಯ ತಾಂಬಟ್ ಆಳಿ ಅನ್ನುವ ಓಣಿಯಲ್ಲಿ ಪೇಶ್ವೆಗಳ ಕಾಲದಿಂದ ತಾಮ್ರ ಬಡಿಯುವವರಿದ್ದಾರೆ. ತಾಮ್ರದ ಹಂಡೆಯನ್ನು ಅಂಗಡಿಯಲ್ಲಿ ತೂಕ ಹಾಕಿ ಕೊಳ್ಳುವುದೇ ನಮ್ಮ ರೂಢಿ. ಲೋಹಕ್ಕೆ ತಕ್ಕಡಿ ಇದೆ. ಅದನ್ನು ಎಲ್ಲಿ ಬಾಗಿಸಬೇಕು ಅಂತ ಕಂಡ ಕಣ್ಣಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಇದೇ ಹುಡುಗ ನಾಳೆ ಕಂಪನಿ ಸೇರಿ ಕಂಪ್ಯೂಟರಿನಲ್ಲಿ ಇಂಥವೇ ಗೆರೆ ಎಳೆಯುತ್ತಾನೆ. ಅದಕ್ಕೆ ಸಂಬಳ ಬರುತ್ತದೆ, ಬರಲೇಬೇಕು. ನನ್ನ ಗೆಳೆಯ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಾಗಂತ ಅವನ ಗೆರೆ ಪುಕ್ಕಟೆ ಆಗಬೇಕಾ? ಅವನ ಮಗಳೂ ಓದುತ್ತಿದ್ದಾಳೆ. ಅವಳ ಫೀಸಿನಲ್ಲಿ ಯಾರೂ ಒಂದು ಸಾಲು ಹೊಡೆದುಹಾಕುವುದಿಲ್ಲ.

ಇನ್ನು ಮೇಲೆ ಬಿಲ್ಲಿನ ಮೊದಲ ಸಾಲೇ ಟೆಂಪ್ಲೇಟ್, ತಗಡು ಆಮೇಲೆ. ಗೆಳೆಯನಿಗೆ ಫೋನ್ ಮಾಡಿ ಹೇಳಿದ್ದೇನೆ. ಸುಮ್ನೆ ಹೂಂ ಅಂದಿದ್ದಾನೆ.