ಫಿಷರ್ ಪ್ರೋಟೋಕಾಲ್‌ನಲ್ಲಿ ಒಂದು ಸಮ ಚಿಹ್ನೆ

"ಸಾರ್, ಮಧ್ಯೆ ಒಂದು ಡಿಲೇ ಹಾಕಿದ್ರೆ ಸಾಕಲ್ವಾ?" ಎರಡು ಪ್ರೋಗ್ರಾಂಗಳು ಒಂದೇ ಕೆಲಸಕ್ಕೆ ಒಟ್ಟಿಗೆ ಕೈಹಾಕದಂತೆ ತಡೆಯುವ ಮಾತು ಬಂದಾಗ, ಫರ್ಮ್‌ವೇರ್ (ಸಾಧನದೊಳಗೇ ಓಡುವ ಸಾಫ್ಟ್‌ವೇರ್) ಬರೆಯುವ ಹುಡುಗರು ಹೀಗೆ ಕೇಳಿದರೆ ನನಗೆ ಖುಷಿಯಾಗುತ್ತದೆ. ಸಾಕಾಗಬಹುದು. ಆದರೆ ಎಷ್ಟು ಡಿಲೇ, ಯಾಕೆ ಅಷ್ಟೇ? ಇದಕ್ಕೆ ಉತ್ತರ ಹುಡುಕೋದಕ್ಕೆ ನಾನು ತೆಗೆಯುವುದು ಕಂಪ್ಯೂಟರ್ ವಿಜ್ಞಾನಿ ಮೈಕಲ್ ಫಿಷರ್ ಅವರ ಪ್ರೋಟೋಕಾಲ್.

ಎಲ್ಲ ಪ್ರೋಸೆಸ್‌ಗಳೂ (ಓಡುತ್ತಿರುವ ಪ್ರೋಗ್ರಾಂಗಳೂ) ಓದಿ ಬರೆಯುವ ಒಂದೇ ವೇರಿಯಬಲ್. ಅದರಲ್ಲಿ ಸೊನ್ನೆ (ಅಂದರೆ ಯಾರ ನಂಬರೂ ಇಲ್ಲ) ಕಂಡ ಪ್ರೋಸೆಸ್ ಗಡಿಯಾರದ 2 ಟಿಕ್‌ನೊಳಗೆ ತನ್ನ ನಂಬರ್ ಬರೆಯಬೇಕು. ಬರೆದ ಮೇಲೆ 2 ಟಿಕ್‌ಗಿಂತ ಹೆಚ್ಚು ಕಾಯಬೇಕು. ಆಗಲೂ ತನ್ನ ನಂಬರೇ ಇದ್ದರೆ ಕ್ರಿಟಿಕಲ್ ಸೆಕ್ಷನ್‌ಗೆ, ಅಂದರೆ ಒಮ್ಮೆಗೆ ಒಬ್ಬರೇ ಇರಬೇಕಾದ ಕೋಡಿನ ಭಾಗಕ್ಕೆ, ಹೋಗಬಹುದು. ಲಾಕ್ ಇಲ್ಲ, ಸೆಮಫೋರ್ ಇಲ್ಲ, ಗಡಿಯಾರವೊಂದೇ ಆಧಾರ.

ಸ್ವೀಡನ್ನಿನ ಉಪ್ಸಾಲ, ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಉಪ್ಪಾಲ್ ಎಂಬ ಮಾಡೆಲ್ ಚೆಕರ್‌ನಲ್ಲಿ (ಮಾಡೆಲಿನ ಎಲ್ಲ ಸಾಧ್ಯತೆಗಳನ್ನೂ ತಡಕಿ ನೋಡುವ ಟೂಲ್) ಇದರ ಮಾಡೆಲ್ ಡೆಮೊ ಆಗಿಯೇ ಸಿಗುತ್ತದೆ. ಅದನ್ನು ತೆರೆದು "2ಕ್ಕಿಂತ ಹೆಚ್ಚು" ಅಂತಿರುವ ಗಾರ್ಡನ್ನು (ಒಳಗೆ ಹೋಗಲು ಇರುವ ಷರತ್ತನ್ನು) "2 ಅಥವಾ ಹೆಚ್ಚು" ಅಂತ ತಿದ್ದಿಸುತ್ತೇನೆ. ಸೇರಿದ್ದು ಒಂದು ಸಮ ಚಿಹ್ನೆ, ಅಷ್ಟೆ. ವೆರಿಫೈಯರ್ ಕೂಡಲೇ ಕೆಂಪು ತೋರಿಸುತ್ತದೆ, ಅಂದರೆ ಇಬ್ಬರು ಒಟ್ಟಿಗೆ ಒಳಗೆ ಹೋಗಬಹುದು. ಜೊತೆಗೆ ಕೊಡಬಲ್ಲ ಟ್ರೇಸ್ (ತಪ್ಪು ನಡೆದ ಹೆಜ್ಜೆಗಳ ಪಟ್ಟಿ) ಹೀಗಿರುತ್ತದೆ: ಎರಡು ಪ್ರೋಸೆಸ್‌ಗಳೂ ಒಟ್ಟಿಗೆ ಸೊನ್ನೆ ನೋಡಿದವು. ಮೊದಲನೆಯವನು ತಕ್ಷಣ 1 ಬರೆದ. ಎರಡನೆಯವನು ತಡಮಾಡಿದ. ಸರಿಯಾಗಿ 2ನೇ ಟಿಕ್‌ಗೆ ಮೊದಲನೆಯವನು ತನ್ನ ನಂಬರ್ ನೋಡಿ ಒಳಗೆ ಹೋದ. ಅದೇ ಕ್ಷಣದಲ್ಲಿ, ಅವನ ಹಿಂದೆಯೇ, ಎರಡನೆಯವನು 2 ಬರೆದ. 4ನೇ ಟಿಕ್‌ಗೆ ಇಬ್ಬರೂ ಒಳಗೆ.

ಬೋರ್ಡ್ ಮೇಲೆ ವಾರಗಟ್ಟಲೆ ಟೆಸ್ಟ್ ಓಡಿಸಿದರೂ ಈ ಕ್ಷಣ ಬರದೇ ಹೋಗಬಹುದು. ಮಾಡೆಲ್ ಚೆಕರ್ ಅದೃಷ್ಟ ನಂಬಿ ಕೂರುವುದಿಲ್ಲ. ಕಾಲ ಎಲ್ಲೂ ತುಂಡಾಗದೆ ಹರಿದರೂ ಪರೀಕ್ಷಿಸಬೇಕಾದ ಸ್ಥಿತಿಗಳನ್ನು ಪರಿಮಿತ ಗುಂಪುಗಳಾಗಿ ಮಾಡಬಹುದು ಎಂದು ರಾಜೀವ್ ಅಲೂರ್ ಮತ್ತು ಡೇವಿಡ್ ಡಿಲ್ ತೋರಿಸಿಕೊಟ್ಟರು. ಟೈಮ್ಡ್ ಆಟೊಮೇಟಾ (ಗಡಿಯಾರ ಸೇರಿಸಿದ ಸ್ಥಿತಿ ಮಾಡೆಲ್‌ಗಳು) ಬಗೆಗಿನ ಅವರ 1994ರ ಪ್ರಬಂಧ ಓದಿದಾಗ ಆದ ಬೆರಗು ನನಗೆ ಇನ್ನೂ ಕಡಿಮೆಯಾಗಿಲ್ಲ.

ಇಷ್ಟಾದರೂ ಅಸಲಿ ಪ್ರಶ್ನೆ ಉಳಿಯುತ್ತದೆ: ಆ 2 ಬಂದದ್ದು ಎಲ್ಲಿಂದ? ಓದುವುದಕ್ಕೂ ಬರೆಯುವುದಕ್ಕೂ ನಡುವೆ ಇಂಟರಪ್ಟ್ (ಕೆಲಸ ನಿಲ್ಲಿಸುವ ಹಾರ್ಡ್‌ವೇರ್ ಕರೆ) ಬರಬಹುದು, ಹೆಚ್ಚಿನ ಪ್ರಯಾರಿಟಿಯ ಟಾಸ್ಕ್ ಸಿಪಿಯು ಕಿತ್ತುಕೊಳ್ಳಬಹುದು. ಆಗ 2 ಟಿಕ್ ಮೀರಿದರೆ ಹಸಿರು ತೋರಿಸಿದ ಮಾಡೆಲ್‌ಗೂ ನಮ್ಮ ಬೋರ್ಡ್‌ಗೂ ಸಂಬಂಧವೇ ಇರುವುದಿಲ್ಲ. ಆದ್ದರಿಂದ ನಮ್ಮ ಟೀಮ್‌ನಲ್ಲಿ ಮಾಡೆಲಿನ ಪ್ರತಿಯೊಂದು ಅಂಕಿಯ ಪಕ್ಕದಲ್ಲೂ ಅದು ಬಂದ ಮೂಲ ಬರೆದಿರಬೇಕು: ಡೇಟಾಶೀಟೋ, ಷೆಡ್ಯೂಲರ್ (ಯಾವ ಟಾಸ್ಕ್ ಯಾವಾಗ ಓಡಬೇಕೆಂದು ನಿರ್ಧರಿಸುವ ಭಾಗ) ಲೆಕ್ಕವೋ, ಬರೀ ಅಂದಾಜೋ. ಅಂದಾಜು ಅಂತ ಬರೆದಿದ್ದರೆ ರಿವ್ಯೂ ಅಲ್ಲಿಗೇ ನಿಲ್ಲಿಸಿ, ಮೊದಲು ಆ ಅಂಕಿಯ ಬೆನ್ನು ಹತ್ತುತ್ತೇವೆ.