15 ಇರೋದೇ ಕೊಡಿ ಅಣ್ಣ

ಮೈಸೂರಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಕೊಡುವ ಅಂಗಡಿಯಲ್ಲಿ ನನ್ನ ಕೆಲಸ. ಆಯುಧ ಪೂಜೆ ಹತ್ತಿರ ಬಂತು ಅಂದ್ರೆ ಕೌಂಟರ್ ಮುಂದೆ ನಿಲ್ಲೋಕೂ ಜಾಗ ಇರುವುದಿಲ್ಲ. ಈಗ ಬರುವವರಲ್ಲಿ ಬಹಳ ಜನ ಎರಡು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಮೊಬೈಲಿನಲ್ಲಿ ಪಕ್ಕಪಕ್ಕ ಇಟ್ಟು ಹೋಲಿಸಿಕೊಂಡೇ ಬರುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಆ ಪಟ್ಟಿಯಲ್ಲಿ ಎಲ್ಲರ ಕಣ್ಣು ಹೋಗಿ ನಿಲ್ಲುವುದು ಟೆರಾಫ್ಲಾಪ್ಸ್ ಅನ್ನೋ ಸಾಲಿನ ಮೇಲೆ, ಅಂದ್ರೆ ಕಾರ್ಡ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ದಶಮಾಂಶದ ಲೆಕ್ಕ ಮಾಡಬಲ್ಲದು ಅನ್ನೋ ಸಂಖ್ಯೆ. ನಾನು ಕೊನೆಗೆ ನೋಡುವ ಸಾಲು ಅದು.

ಮಂಡ್ಯ ಕಡೆಯ ಒಬ್ಬರು ಬಂದಿದ್ದರು. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋ ಅವರದ್ದು. ಆರ್‌ಟಿಎಕ್ಸ್ 3060 12 ಜಿಬಿ ತಗೊಳ್ಳೋದಾ, 4060 ತಗೊಳ್ಳೋದಾ ಅನ್ನೋ ಗೊಂದಲ. ಎರಡೂ ಎನ್ವಿಡಿಯಾ ಕಂಪನಿಯ ಕಾರ್ಡ್, 4060 ಹೊಸದು. ಮೊಬೈಲ್ ನನ್ನ ಕಡೆ ತಿರುಗಿಸಿ, ಟೆರಾಫ್ಲಾಪ್ಸ್ ಸಾಲು ತೋರಿಸಿ, "ಇದ್ರಲ್ಲಿ 12 ಇದೆ, ಇದ್ರಲ್ಲಿ 15 ಇದೆ. 15 ಇರೋದೇ ಕೊಡಿ ಅಣ್ಣ" ಅಂದರು.

ಬಿಲ್ ಬುಕ್ಕಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. 3060ರಲ್ಲಿ 3584 ಕೋರ್, ಅಂದ್ರೆ ಲೆಕ್ಕ ಮಾಡುವ ಪುಟ್ಟ ಘಟಕಗಳು. ಬೂಸ್ಟ್ ವೇಗ 1.777 ಗಿಗಾಹರ್ಟ್ಸ್, ಅಂದ್ರೆ ಜೋರಾಗಿ ದುಡಿಯುವಾಗ ಸೆಕೆಂಡಿಗೆ 177.7 ಕೋಟಿ ಸುತ್ತು. ಒಂದು ಕೋರ್ ಒಂದು ಸುತ್ತಿಗೆ ಒಂದು ಗುಣಾಕಾರ, ಒಂದು ಕೂಡುವಿಕೆ ಮಾಡುತ್ತದೆ ಅಂತ ಇಟ್ಟುಕೊಂಡು 2ರಿಂದ ಗುಣಿಸುತ್ತಾರೆ. ಬಂದಿದ್ದು 12.7 ಟೆರಾಫ್ಲಾಪ್ಸ್. 4060ರಲ್ಲಿ ಕೋರ್ ಕಡಿಮೆ, 3072. ಆದರೆ ವೇಗ 2.46 ಗಿಗಾಹರ್ಟ್ಸ್. ಹಾಗಾಗಿ 15.1. ಇಷ್ಟೇ. ಯಾರೂ ಕಾರ್ಡನ್ನು ಓಡಿಸಿ ಅಳೆದು ಬರೆದ ಸಂಖ್ಯೆ ಅಲ್ಲ ಇದು. ಎಲ್ಲಾ ಕೋರ್‌ಗಳೂ ಒಂದು ಕ್ಷಣವೂ ಸುಮ್ನೆ ಕೂರದೆ ದುಡಿದರೆ ಎಷ್ಟಾಗಬಹುದು ಅನ್ನೋ ಲೆಕ್ಕ.

ಈ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ಅನ್ನೋದಕ್ಕೆ 2060 ಮತ್ತು 3060 ಪಕ್ಕಪಕ್ಕ ಇಟ್ಟು ನೋಡಿ. 3060ಕ್ಕಿಂತ ಒಂದು ಪೀಳಿಗೆ ಹಳೆಯ 2060ರದ್ದು ಸುಮಾರು 6.5 ಟೆರಾಫ್ಲಾಪ್ಸ್. 3060ರದ್ದು ಹೆಚ್ಚುಕಮ್ಮಿ ಅದರ ಎರಡರಷ್ಟು. ಹಾಗಂತ ಗೇಮ್ ಎರಡರಷ್ಟು ವೇಗವಾಗಿ ಓಡುತ್ತದಾ? ಅದರ ಹತ್ತಿರಕ್ಕೂ ಬರೋದಿಲ್ಲ. 2060ರ ಪೀಳಿಗೆಯಲ್ಲಿ ದಶಮಾಂಶದ ಲೆಕ್ಕಕ್ಕೆ ಒಂದು ಗುಂಪು, ಪೂರ್ಣಾಂಕದ ಲೆಕ್ಕಕ್ಕೆ ಇನ್ನೊಂದು ಗುಂಪು ಅಂತ ಬೇರೆ ಬೇರೆ ಇತ್ತು. 3060ರ ಪೀಳಿಗೆಯಲ್ಲಿ ಆ ಎರಡನೇ ಗುಂಪು ಎರಡೂ ಕೆಲಸ ಮಾಡುವಂತೆ ಮಾಡಿದರು. ಕೋರ್ ಸಂಖ್ಯೆಗೆ ಅದನ್ನೂ ಸೇರಿಸಿಕೊಂಡರು. ಆದರೆ ಗೇಮ್‌ನಲ್ಲಿ ಪೂರ್ಣಾಂಕದ ಲೆಕ್ಕ ಬಂದಾಗಲೆಲ್ಲ ಆ ಗುಂಪು ಅದಕ್ಕೇ ಹೋಗುತ್ತದೆ. ಪಟ್ಟಿಯಲ್ಲಿ ಮಾತ್ರ ಪೂರ್ತಿ ಸಂಖ್ಯೆ ಉಳಿಯುತ್ತದೆ.

ಸರಿ, ಹಾಗಾದರೆ ಏನು ನೋಡಬೇಕು? ನಾನು ಮೊದಲು ನೋಡುವುದು ಮೆಮೊರಿ. 3060ರಲ್ಲಿ 12 ಜಿಬಿ, 192 ಬಿಟ್ ಬಸ್ (ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿಯ ಅಗಲ), ಸೆಕೆಂಡಿಗೆ 360 ಜಿಬಿ ಸಾಗಿಸುತ್ತದೆ. 4060ರಲ್ಲಿ 8 ಜಿಬಿ, 128 ಬಿಟ್, 272 ಜಿಬಿ. ಹೊಸ ಕಾರ್ಡೇ ಹಿಂದಿದೆ ಅಲ್ವಾ ಅನ್ನಿಸುತ್ತದೆ. ಆದರೆ 4060ರ ಚಿಪ್ ಒಳಗೆ 24 ಎಂಬಿ ಎಲ್2 ಕ್ಯಾಶ್ ಅನ್ನೋ ಪುಟ್ಟ, ವೇಗದ ಮೆಮೊರಿ ಇದೆ, 3060ರಲ್ಲಿ 3 ಎಂಬಿ ಮಾತ್ರ. ಪದೇ ಪದೇ ಬೇಕಾಗುವ ಡೇಟಾ ಅಲ್ಲೇ ಸಿಗುವುದರಿಂದ ಮೆಮೊರಿ ತನಕ ಹೋಗುವ ಕೆಲಸ ಕಡಿಮೆ. ಅದಕ್ಕೇ 1080ಪಿ ಗೇಮ್‌ಗಳಲ್ಲಿ ಬಹುತೇಕ 4060 ಮುಂದೆ ಇರುತ್ತದೆ. ಗೇಮ್‌ಗೆ ಅಂತ ಬರುವ ಹುಡುಗರಿಗೆ ನಾನು ಅದನ್ನೇ ಕೊಡುತ್ತೇನೆ.

ಸ್ಟುಡಿಯೋದವರ ಕಥೆ ಬೇರೆ. ಅವರ ಹಳೇ ಕಾರ್ಡ್ 6 ಜಿಬಿಯದ್ದು. 4ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಕಡಿಮೆ ಮಾಡುವ ಫಿಲ್ಟರ್) ಹಾಕಿದರೆ, ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ 'ಜಿಪಿಯು (ಗ್ರಾಫಿಕ್ಸ್ ಚಿಪ್) ಮೆಮೊರಿ ತುಂಬಿದೆ' ಅಂತ ನಿಂತುಬಿಡುತ್ತಿತ್ತು. ಇದಕ್ಕೆ ಟೆರಾಫ್ಲಾಪ್ಸ್ ಏನೂ ಮಾಡಲಾರದು. ಅವರಿಗೆ ಹೇಳಿದೆ: ಆಲೆಮನೆಯಲ್ಲಿ ಗಾಣ ಎಷ್ಟೇ ಜೋರಾಗಿ ತಿರುಗಲಿ, ಕಬ್ಬು ಹೊತ್ತು ತರುವವರು ಗದ್ದೆಯಲ್ಲೇ ನಿಂತರೆ ಹಾಲು ಎಲ್ಲಿಂದ ಬರಬೇಕು? ಮಂಡ್ಯದವರು, ಮುಂದೆ ವಿವರಿಸಬೇಕಾಗಲಿಲ್ಲ.

ಕಾರ್ಡಿನ ಮೆಮೊರಿ ತುಂಬಿದಾಗ ಕೆಲವು ಸಾಫ್ಟ್‌ವೇರ್ ನಿಂತುಬಿಡುತ್ತವೆ. ಇನ್ನು ಕೆಲವು ಮಿಕ್ಕಿದ್ದನ್ನು ಕಂಪ್ಯೂಟರಿನ ರ್‍ಯಾಮ್‌ಗೆ ತಳ್ಳುತ್ತವೆ. ಆಗ ಡೇಟಾ ಓಡಾಡುವುದು ಮದರ್‌ಬೋರ್ಡಿನ ಸ್ಲಾಟ್ ಮೂಲಕ. 4060 ಆ ಸ್ಲಾಟಿನಲ್ಲಿ 8 ಲೇನ್ (ಡೇಟಾ ಸಾಗುವ ದಾರಿ) ಮಾತ್ರ ಬಳಸುತ್ತದೆ. ಸ್ಲಾಟಿನ ಪೀಳಿಗೆ ಪಿಸಿಐಇ 4.0 ಇರುವ ಬೋರ್ಡಾದರೆ ಸೆಕೆಂಡಿಗೆ ಸುಮಾರು 16 ಜಿಬಿ. ಹಳೇ 3.0 ಬೋರ್ಡಾದರೆ ಸುಮಾರು 8. 272 ಎಲ್ಲಿ, 8 ಎಲ್ಲಿ! 3060ಕ್ಕೆ 16 ಲೇನ್ ಇದೆ, ಅದರ ಮೇಲೆ 4 ಜಿಬಿ ಮೆಮೊರಿಯೂ ಜಾಸ್ತಿ.

ಬಾಯಿಮಾತು ಬೇಡ ಅಂತ, ಅವರದೇ ಪ್ರಾಜೆಕ್ಟನ್ನು ಹಾರ್ಡ್ ಡಿಸ್ಕಿನಲ್ಲಿ ತರಿಸಿಕೊಂಡು 3060 ಹಾಕಿದ್ದ ಅಂಗಡಿಯ ಮಷೀನಿನಲ್ಲಿ ತೆರೆದೆವು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಜಿಪಿಯು. ಕೆಳಗೆ ಡೆಡಿಕೇಟೆಡ್ ಜಿಪಿಯು ಮೆಮೊರಿ ಅಂತ ಒಂದು ಗ್ರಾಫ್ ಇದೆ. ಧಾರೆ ಮುಹೂರ್ತದ ಕ್ಲಿಪ್‌ಗಳಿಗೆ ನಾಯ್ಸ್ ರಿಡಕ್ಷನ್ ಹಾಕುತ್ತಿದ್ದಂತೆ ಗೆರೆ ಮೇಲೇರಿ 9 ಜಿಬಿ ದಾಟಿತು. 4060ರಲ್ಲಿ ಇರುವುದೇ 8. ಅಲ್ಲಿಗೆ ಚರ್ಚೆ ಮುಗಿಯಿತು. ಈಗ ಎಡಿಟಿಂಗ್‌ಗೆ, ತ್ರೀಡಿ ರೆಂಡರಿಂಗ್‌ಗೆ ಕಾರ್ಡ್ ಕೇಳುವ ಯಾರೇ ಬಂದರೂ, ನಿಮ್ಮ ಅತಿ ದೊಡ್ಡ ಪ್ರಾಜೆಕ್ಟ್ ತನ್ನಿ ಅಂತಲೇ ಹೇಳುತ್ತೇನೆ.

4060ಕ್ಕೆ ಅನ್ಯಾಯ ಮಾಡಬಾರದು. ಅದು ಉಣ್ಣುವುದು 115 ವ್ಯಾಟ್, 3060 ಉಣ್ಣುವುದು 170. ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. 3060, ಪ್ರೊಸೆಸರ್, ಮಾನಿಟರ್ ಸೇರಿ ರೆಂಡರ್ ಹೊತ್ತಿನಲ್ಲಿ ಅದರ ಅಂಚಿಗೆ ಬಂದು ನಿಲ್ಲುತ್ತವೆ. ಹಾಗಾಗಿ ಸ್ಟುಡಿಯೋದವರ ಬಜೆಟ್ಟಿಗೆ 1 ಕೆವಿಎ ಯುಪಿಎಸ್ ಕೂಡ ಸೇರಿಸಿದೆವು. ಕಾರ್ಡಿನ ಬೆಲೆ ಹೋಲಿಸುವಾಗ ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ವಿಷಯ. 3060 ಹೆಸರಿನಲ್ಲೇ 8 ಜಿಬಿಯ ಕಾರ್ಡ್ ಕೂಡ ಇದೆ. ಕೋರ್ ಅಷ್ಟೇ, ಟೆರಾಫ್ಲಾಪ್ಸ್ ಅಷ್ಟೇ. ಆದರೆ ಬಸ್ 128 ಬಿಟ್, ಸಾಗಿಸುವುದು 240 ಜಿಬಿ. ಟೆರಾಫ್ಲಾಪ್ಸ್ ಮಾತ್ರ ನೋಡುವವರಿಗೆ ಎರಡೂ ಒಂದೇ ಕಾರ್ಡಿನಂತೆ ಕಾಣುತ್ತವೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆರೆಸಿ, ಬಸ್ ವಿಡ್ತ್ 192 ಬಿಟ್ ಅಂತ ಇದೆಯಾ ನೋಡಿಯೇ ದುಡ್ಡು ಕೊಡಿ. ನಾವು ಅದನ್ನು ಗಿರಾಕಿಯ ಮುಂದೆಯೇ ತೆರೆದು ತೋರಿಸುತ್ತೇವೆ. ಬಿಲ್ಲಿನಲ್ಲೂ ಮಾಡೆಲ್ ಪಕ್ಕದಲ್ಲಿ ಮೆಮೊರಿ ಎಷ್ಟು ಅಂತ ಬರೆಯುತ್ತೇವೆ.