ಕೊತ್ತಂಬರಿ ಕಟ್ಟಿಗೆ ಅಂಟಿ ಬರುವ ಚರಂಡಿ ನೀರು

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಓಡಾಡುವವರಿಗೆಲ್ಲ, ನಗರದ ಚರಂಡಿ ಹೊತ್ತು ಹರಿಯುವ ವೃಷಭಾವತಿ ನದಿಯ ವಾಸನೆ ಗೊತ್ತು. ಮೂಗು ಮುಚ್ಚಿಕೊಂಡು ದಾಟಿಬಿಡುತ್ತೇವೆ. ಆದರೆ ನಾವು ಬಿಟ್ಟ ಆ ನೀರು ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರಿ, ಕಾಲುವೆ ಹಿಡಿದು ಹೊಲಗಳಿಗೆ ಹೋಗುತ್ತದೆ, ಉಳಿದದ್ದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ.

ಈ ನೀರಿನಲ್ಲಿ ಸೊಪ್ಪು ಬೆಳೆಯುತ್ತಾರೆ ಅಂತ ರೈತರನ್ನು ಬೈಯುವವರ ಜೊತೆ ನಾನಿಲ್ಲ. ಬೋರ್‌ವೆಲ್ ಬತ್ತಿದ ಕಡೆ ವರ್ಷವಿಡೀ ಹರಿಯುವುದು ಈ ನೀರೊಂದೇ. ಅದರಲ್ಲಿ ಗೊಬ್ಬರದ ಸಾರವೂ ಇದೆ. ಕೈಕಾಲು ಅದ್ದಿ ಕೆಲಸ ಮಾಡುವ ಅವರಿಗೇ ತುರಿಕೆ, ಜಂತುಹುಳದ ಕಾಟ ಮೊದಲು ತಗುಲುವುದು, ಅಲ್ವಾ?

ಸಮಸ್ಯೆ ಎಷ್ಟು ದೊಡ್ಡದು ನೋಡಿ. ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿನಲ್ಲಿ, 100 ಮಿ.ಲೀ.ಗೆ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ (ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ) 1000 ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. ಶುದ್ಧ ಮಾಡದ ಚರಂಡಿ ನೀರಿನಲ್ಲಿ ಅದು ಸಾಮಾನ್ಯವಾಗಿ ಹತ್ತು ಲಕ್ಷ ದಾಟಿರುತ್ತದೆ.

ಬಸ್ಸಾರು, ಮಸ್ಸೊಪ್ಪು ಮಾಡಿದರೆ ರೋಗಾಣುಗಳ ಚಿಂತೆಯಿಲ್ಲ, ಕುದಿಯುವಾಗ ಭೇದಿ ತರುವ ಇ. ಕೋಲಿ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸಾಯುತ್ತವೆ. ನನಗೆ ಭಯ ಇರುವುದು ಒಲೆ ಆರಿಸಿದ ಮೇಲೆ ಉದುರಿಸುವ ಕೊತ್ತಂಬರಿ ಬಗ್ಗೆ, ಪುದೀನ ಚಟ್ನಿ ಬಗ್ಗೆ, ಕೋಸಂಬರಿಗೆ ತುರಿಯುವ ಮೂಲಂಗಿ ಬಗ್ಗೆ. ಒಂದು ಕಟ್ಟು ಕೊತ್ತಂಬರಿ ಬಿಚ್ಚಿ ನೋಡಿ: ಬೇರಿನಲ್ಲಿ ಕಪ್ಪು ಕೆಸರು, ದಂಟಿನ ಕವಲಿನಲ್ಲಿ ಮಣ್ಣು, ನೂರೆಂಟು ಸೀಳಿನ ಸಣ್ಣ ಎಲೆ. ಅಷ್ಟು ಸಂದಿಗಳಿಗೆ ನಲ್ಲಿ ನೀರು ತಲುಪುವುದೇ ಕಷ್ಟ. ಬೇರು ಕತ್ತರಿಸಿ, ಕಟ್ಟು ಬಿಡಿಸಿ, ನೀರು ಬದಲಿಸುತ್ತಾ ತೊಳೆದರೆ ತುಂಬಾ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸುಮ್ನೆ ಉಪ್ಪು ನೀರಿನಲ್ಲಿ ಅದ್ದಿ ತೆಗೆದರೆ ಸಾಲದು. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ, ಸಾರು ಕುದಿಯುವಾಗಲೇ ಕೊತ್ತಂಬರಿ ಹಾಕಿಬಿಡಿ. ಘಮ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

ಹೊಲದಲ್ಲೂ ದಾರಿಗಳಿವೆ. ಕೊಯ್ಲಿಗೆ ಕೆಲವು ದಿನ ಮುಂಚೆ ಈ ನೀರು ನಿಲ್ಲಿಸಿದರೆ ಬಿಸಿಲಿಗೆ ಎಲೆ ಮೇಲಿನ ಬ್ಯಾಕ್ಟೀರಿಯಾ ಸಾಯುತ್ತಾ ಬರುತ್ತವೆ. ಆದರೆ ಸೊಪ್ಪಿಗೆ ನೀರು ನಿಲ್ಲಿಸಿದರೆ ಬಾಡುತ್ತದೆ, ಬಾಡಿದ್ದನ್ನು ನಾವೇ ಕೊಳ್ಳುವುದಿಲ್ಲ. ಹಾಗಾಗಿ ಎಲೆಗೆ ಚಿಮ್ಮಿಸದೆ ಹನಿ ನೀರಾವರಿಯಲ್ಲಿ ಬುಡಕ್ಕೆ ಕೊಡುವುದು ಮೇಲು. ಎಲ್ಲಕ್ಕಿಂತ ಕೆಟ್ಟದ್ದು, ಕಿತ್ತ ಸೊಪ್ಪನ್ನು ತಾಜಾ ಕಾಣಲಿ ಅಂತ ಅದೇ ಕಾಲುವೆಯಲ್ಲಿ ಅದ್ದುವುದು. ಅದನ್ನು ತಪ್ಪಿಸಲು ಕಾಲುವೆ ಪಕ್ಕದ ಊರುಗಳಲ್ಲಿ ಸೊಪ್ಪು ತೊಳೆಯಲು ಒಂದು ತೊಟ್ಟಿ, ಒಂದು ಒಳ್ಳೆಯ ನೀರಿನ ನಲ್ಲಿ ಬೇಕು. ನಗರದ ಚರಂಡಿ ಪೂರ್ತಿ ಶುದ್ಧವಾಗುವ ತನಕ ಅಷ್ಟನ್ನಾದರೂ ಪಂಚಾಯಿತಿಗಳ ಕೈಲಿ ಮಾಡಿಸಬೇಕು, ಖರ್ಚು ಬೆಂಗಳೂರಿನವರೇ ಕೊಡಬೇಕು.